ಒಂದು ಗಂಟೆಗೆ ಏಳು ವರ್ಷ: ‘ದಿ ಸೈನ್ಸ್ ಆಫ್ ಇಂಟರ್‌ಸ್ಟೆಲ್ಲರ್’ ಓದಿದ ಮೇಲೆ

2025ರ ಫೆಬ್ರವರಿಯಲ್ಲಿ ‘ಇಂಟರ್‌ಸ್ಟೆಲ್ಲರ್’ ಸಿನಿಮಾ ನಮ್ಮ ದೇಶದ ಐಮ್ಯಾಕ್ಸ್ ಪರದೆಗಳಿಗೆ ಮತ್ತೆ ಬಂತು. ನನ್ನ ಹತ್ತಿರ ಓದಿ ಹೋದ ಇಬ್ಬರು ಹುಡುಗರು ಬೆಂಗಳೂರಿನಲ್ಲಿ ನೋಡಿದರು. ಚಿತ್ರಮಂದಿರದಿಂದ ಹೊರಗೆ ಬಂದವರೇ ಫೋನ್ ಮಾಡಿದರು. ಆಗ ರಾತ್ರಿ ಹನ್ನೊಂದು ಗಂಟೆ.

“ಮೇಡಂ, ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಆಗುತ್ತಂತೆ. ಇದು ಸುಳ್ಳು ಅಲ್ವಾ?”

ನಾನು ಸಾಗರದ ಕಡೆಯ ಒಂದು ಪಿಯು ಕಾಲೇಜಿನಲ್ಲಿ 22 ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಇಂಥ ಪ್ರಶ್ನೆ ಬಂದರೆ ನಿದ್ದೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. ಏಳು ವರ್ಷ ಅಂದರೆ ಸುಮಾರು 61,000 ಗಂಟೆ. ಅಂದರೆ ಆ ಗ್ರಹದ ಗಡಿಯಾರ ನಮ್ಮದಕ್ಕಿಂತ 61,000 ಪಟ್ಟು ನಿಧಾನ ನಡೆಯಬೇಕು. ಗುರುತ್ವ ಹೆಚ್ಚಿದ್ದ ಕಡೆ ಗಡಿಯಾರ ನಿಧಾನ ಎನ್ನುವುದು ನಿಜ. ನಮ್ಮ ಮೊಬೈಲ್ ನಕ್ಷೆ ಕೆಲಸ ಮಾಡುವುದೇ ಇದನ್ನು ಲೆಕ್ಕಕ್ಕೆ ತೆಗೆದುಕೊಂಡು. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಆದರೆ 38 ಮೈಕ್ರೋಸೆಕೆಂಡು ಎಲ್ಲಿ, ಏಳು ವರ್ಷ ಎಲ್ಲಿ?

ಸಿನಿಮಾದಲ್ಲಿ ಆ ಗ್ರಹ ಸುತ್ತುವುದು ಒಂದು ಕಪ್ಪುಕುಳಿಯನ್ನು, ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಗುರುತ್ವ ಇರುವ ಕಾಯವನ್ನು. ಕಪ್ಪುಕುಳಿಯ ಸೂತ್ರ ಬರೆದೆ. ಕಪ್ಪುಕುಳಿಯ ಸುತ್ತ ಗ್ರಹವೊಂದು ಬೀಳದೆ ಸುತ್ತಬೇಕಾದರೆ ಒಂದು ಮಿತಿಗಿಂತ ಹತ್ತಿರ ಹೋಗುವಂತಿಲ್ಲ. ಆ ಮಿತಿಯಲ್ಲೇ ಸುತ್ತಿದರೂ ಗಡಿಯಾರ ನಿಧಾನವಾಗುವುದು ಎರಡರ ವರ್ಗಮೂಲದಷ್ಟು ಮಾತ್ರ. ಅಲ್ಲಿ 1 ಗಂಟೆ ಆದರೆ ದೂರದಲ್ಲಿರುವವರಿಗೆ 1 ಗಂಟೆ 25 ನಿಮಿಷ. ಅಷ್ಟೇ. ಹುಡುಗರಿಗೆ ಮೆಸೇಜ್ ಹಾಕಿದೆ: “ಹೌದು, ಸಿನಿಮಾದ್ದು ತಪ್ಪು.”

ಅದಾಗಿ ನಾಲ್ಕು ತಿಂಗಳಿಗೆ ‘ದಿ ಸೈನ್ಸ್ ಆಫ್ ಇಂಟರ್‌ಸ್ಟೆಲ್ಲರ್’ ಪುಸ್ತಕ ಓದಿದೆ. ಓದಿದ ಮೇಲೆ ಆ ಮಾತನ್ನು ವಾಪಸ್ ತೆಗೆದುಕೊಂಡೆ. ನಾನು ಬರೆದ ಸೂತ್ರ ತಿರುಗದೆ ನಿಂತ ಕಪ್ಪುಕುಳಿಯದ್ದು. ಸಿನಿಮಾದ ಕಪ್ಪುಕುಳಿ ತಿರುಗುತ್ತದೆ. ಇಷ್ಟು ಸಣ್ಣ ವಿಷಯ, ಅದರಿಂದ ಉತ್ತರ ಪೂರ್ತಿ ಬದಲಾಗುತ್ತದೆ.

ಪುಸ್ತಕ ಬರೆದವರು ಕಿಪ್ ಥಾರ್ನ್. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಗುರುತ್ವದ ಬಗ್ಗೆ ಇಡೀ ಜೀವನ ಕೆಲಸ ಮಾಡಿದವರು. ಗುರುತ್ವದ ಅಲೆಗಳನ್ನು ಹಿಡಿದ ಲೈಗೋ ಪ್ರಯೋಗಕ್ಕಾಗಿ 2017ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದರು. ಸಿನಿಮಾದ ಮೊದಲ ಕಲ್ಪನೆಯೇ ಇವರದ್ದು ಮತ್ತು ನಿರ್ಮಾಪಕಿ ಲಿಂಡಾ ಆಬ್ಸ್ಟ್ ಅವರದ್ದು. ಆಮೇಲೆ ಅದು ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಕೈಗೆ ಬಂತು. ಸಿನಿಮಾ ತೆರೆಗೆ ಬಂದ 2014ರಲ್ಲೇ ಪುಸ್ತಕವೂ ಬಂತು. ಮುನ್ನುಡಿ ನೋಲನ್ ಅವರದ್ದು.

ಥಾರ್ನ್ ಶುರುವಿನಲ್ಲೇ ಎರಡು ನಿಯಮ ಇಟ್ಟಿದ್ದರಂತೆ. ಗಟ್ಟಿಯಾಗಿ ಸಾಬೀತಾದ ಭೌತನಿಯಮ ಯಾವುದನ್ನೂ ಸಿನಿಮಾ ಮುರಿಯಬಾರದು. ಗೊತ್ತಿಲ್ಲದ ಕಡೆ ಊಹೆ ಮಾಡಬಹುದು, ಆದರೆ ಆ ಊಹೆ ನಿಜವಾದ ವಿಜ್ಞಾನದಿಂದ ಹುಟ್ಟಬೇಕು. ಪುಸ್ತಕದಲ್ಲೂ ಇದೇ ಶಿಸ್ತು ಇದೆ. ಪ್ರತಿ ವಿಷಯಕ್ಕೂ ಒಂದು ಗುರುತು ಹಾಕಿದ್ದಾರೆ. ‘ಟಿ’ ಅಂದರೆ ನಿಜ. ‘ಇಜಿ’ ಅಂದರೆ ತಿಳಿದವರು ಮಾಡುವ ಅಂದಾಜು. ‘ಎಸ್’ ಅಂದರೆ ಬರೀ ಊಹೆ. ಓದುತ್ತಾ ಹೋದ ಹಾಗೆ ಕಣ್ಣು ತಾನಾಗಿ ಆ ಗುರುತನ್ನು ಹುಡುಕುತ್ತದೆ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ. ಸಿನಿಮಾದ ವಿಜ್ಞಾನದ ಬಗ್ಗೆ ಮಾತಾಡುವವರಲ್ಲಿ ಕೆಲವರು ಎಲ್ಲವನ್ನೂ ಸುಳ್ಳು ಅನ್ನುತ್ತಾರೆ, ಕೆಲವರು ಎಲ್ಲವನ್ನೂ ನಿಜ ಅನ್ನುತ್ತಾರೆ. ಎಷ್ಟು ನಂಬಬಹುದು ಅಂತ ಅಳೆದು ಹೇಳುವವರು ಕಡಿಮೆ.

ಈಗ ಆ ಏಳು ವರ್ಷದ ವಿಷಯ. ಇದು ಥಾರ್ನ್ ಕೊಟ್ಟ ಸಂಖ್ಯೆ ಅಲ್ಲ, ನೋಲನ್ ಕೇಳಿದ್ದು. ಕಥೆಯಲ್ಲಿ ಮನುಷ್ಯರಿಗೆ ಹೊಸ ಗ್ರಹ ಹುಡುಕಲು ಹೋದ ಅಪ್ಪ ವಾಪಸ್ ಬರುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರಬೇಕು. ಗ್ರಹದಿಂದ ಬಾಹ್ಯಾಕಾಶ ನೌಕೆಗೆ ಮರಳಿದಾಗ 23 ವರ್ಷ 4 ತಿಂಗಳು 8 ದಿನ ಕಳೆದಿರುತ್ತದೆ. ಏಳರಿಂದ ಭಾಗಿಸಿ ನೋಡಿ, ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. ಅಲೆಗೆ ಸಿಕ್ಕಿ, ಇಂಜಿನ್‌ನ ನೀರು ಬಸಿಯುವವರೆಗೆ ಕಾದು, ಮೇಲೆ ಬರಲು ಅಷ್ಟು ಹೊತ್ತು ಬೇಕೇ ಬೇಕು. ಥಾರ್ನ್ ಕೂಡ ಮೊದಲು ಆಗುವುದಿಲ್ಲ ಅಂದುಕೊಂಡರು. ನೋಲನ್ ಬಿಡಲಿಲ್ಲ. ಥಾರ್ನ್ ಅದನ್ನೇ ಯೋಚಿಸುತ್ತಾ ಮಲಗಿದರು, ಎದ್ದು ಲೆಕ್ಕ ಹಾಕಿದರು. ಆಗುತ್ತದೆ ಅಂತ ಗೊತ್ತಾಯಿತು.

ಹೇಗೆ? ತಿರುಗುವ ಕಪ್ಪುಕುಳಿ ತನ್ನ ಸುತ್ತಲಿನ ಜಾಗವನ್ನೇ ಎಳೆದುಕೊಂಡು ತಿರುಗುತ್ತದೆ. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಜೊತೆ ಮಜ್ಜಿಗೆಯೂ ಸುತ್ತುತ್ತದಲ್ಲ, ಹಾಗೆ. ಅದೇ ದಿಕ್ಕಿನಲ್ಲಿ ಸುತ್ತುವ ಗ್ರಹ ಇನ್ನೂ ಒಳಗೆ, ಕಪ್ಪುಕುಳಿಯ ಅಂಚಿಗೆ ಅಂಟಿಕೊಂಡ ಹಾಗೆ, ಬೀಳದೆ ಸುತ್ತಬಹುದು. ಕಪ್ಪುಕುಳಿ ಎಷ್ಟು ವೇಗವಾಗಿ ತಿರುಗಬಹುದು ಎನ್ನುವುದಕ್ಕೆ ಒಂದು ಗರಿಷ್ಠ ಮಿತಿ ಇದೆ. ಏಳು ವರ್ಷ ಬರಬೇಕಾದರೆ ಸಿನಿಮಾದ ಕಪ್ಪುಕುಳಿ ಗಾರ್ಗಾಂಟುವಾ ಆ ಮಿತಿಗೆ ತಾಗುವಷ್ಟು ಹತ್ತಿರ ತಿರುಗಬೇಕು. ಎಷ್ಟು ಹತ್ತಿರ ಅಂದರೆ, ಒಂದು ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲಿನಷ್ಟು ಮಾತ್ರ ಕಡಿಮೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಿನಿಮಾದ ಪರವಾಗಿ ವಾದಿಸುವ ಪುಸ್ತಕ ಆಗುತ್ತಿತ್ತು. ಥಾರ್ನ್ ಮುಂದೆ ಹೋಗುತ್ತಾರೆ. ಪ್ರಕೃತಿಯಲ್ಲಿ ಅನಿಲ ನುಂಗಿ ಬೆಳೆಯುವ ಕಪ್ಪುಕುಳಿಗಳು ಗರಿಷ್ಠ ಮಿತಿಯ 99.8 ಶೇಕಡಾ ದಾಟುವುದು ಕಷ್ಟ ಅಂತ 1970ರ ದಶಕದಲ್ಲಿ ತೋರಿಸಿದವರು ಸ್ವತಃ ಅವರೇ! ತನ್ನ ಸಿನಿಮಾಕ್ಕೆ ಎದುರು ನಿಲ್ಲುವ ತನ್ನದೇ ಫಲಿತಾಂಶವನ್ನು ಮುಚ್ಚಿಡದೆ ಓದುಗರ ಮುಂದೆ ಇಡುತ್ತಾರೆ. ಸಾಧ್ಯ, ಆದರೆ ಆಗುವ ಸಂಭವ ತುಂಬಾ ಕಡಿಮೆ ಅನ್ನುತ್ತಾರೆ. ಈ ಪುಟ ಓದಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹುಡುಗರು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅಷ್ಟು ಹತ್ತಿರ ಹೋದರೆ ಗ್ರಹ, ಮನುಷ್ಯ ಎಲ್ಲ ಶ್ಯಾವಿಗೆ ಥರ ಎಳೆದು ಹರಿದುಹೋಗಬೇಕಲ್ಲ? ಸಣ್ಣ ಕಪ್ಪುಕುಳಿಯಾದರೆ ಹೌದು. ದೊಡ್ಡದಾದರೆ ಇಲ್ಲ. ತಲೆಗೂ ಕಾಲಿಗೂ ಬೀಳುವ ಎಳೆತದಲ್ಲಿ ಇರುವ ವ್ಯತ್ಯಾಸವೇ ಹರಿದುಹಾಕುವುದು. ಕಪ್ಪುಕುಳಿಯ ತೂಕ ಹೆಚ್ಚಾದ ಹಾಗೆ ಅಂಚಿನ ಹತ್ತಿರ ಈ ವ್ಯತ್ಯಾಸ ತೂಕದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಗಾರ್ಗಾಂಟುವಾ ತೂಕ 10 ಕೋಟಿ ಸೂರ್ಯರಷ್ಟು. ಹತ್ತು ಸೂರ್ಯರ ತೂಕದ ಕಪ್ಪುಕುಳಿಗೆ ಹೋಲಿಸಿದರೆ ಕೋಟಿ ಪಟ್ಟು ಭಾರ, ಹರಿದುಹಾಕುವ ಎಳೆತ ಕೋಟಿ ಕೋಟಿ ಪಟ್ಟು ಕಡಿಮೆ. 10 ಕೋಟಿ ಎನ್ನುವ ಸಂಖ್ಯೆಯನ್ನು ಸುಮ್ನೆ ಆರಿಸಿದ್ದಲ್ಲ. ಅದಕ್ಕಿಂತ ಕಡಿಮೆ ಆದರೆ ಗ್ರಹ ಉಳಿಯುವುದಿಲ್ಲ. ಈ ಒಂದು ಅಧ್ಯಾಯವನ್ನು ಪ್ರಥಮ ಪಿಯುಸಿಯ ಗುರುತ್ವಾಕರ್ಷಣೆ ಪಾಠದ ಕೊನೆಯ ದಿನ ಹೇಳಿದೆ. ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ.

ಬೆಟ್ಟದಂಥ ಆ ಅಲೆಗೂ ವಿವರಣೆ ಇದೆ. ಅದರ ಎತ್ತರ 1.2 ಕಿಲೋಮೀಟರ್. ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ ಆ ಗ್ರಹವೂ ಕಪ್ಪುಕುಳಿಗೆ ಒಂದೇ ಮುಖ ತೋರಿಸುತ್ತದೆ. ಇಲ್ಲದಿದ್ದರೆ ಎಳೆತಕ್ಕೆ ಗ್ರಹದ ಕಲ್ಲು ನಜ್ಜುಗುಜ್ಜಾಗುತ್ತದೆ. ಆದರೆ ಅದು ತೊಟ್ಟಿಲಿನ ಹಾಗೆ ಸ್ವಲ್ಪ ಆಚೀಚೆ ತೂಗಬಹುದು. ತೂಗಿದಾಗ ಸಮುದ್ರ ಹೊಯ್ದಾಡುತ್ತದೆ. ಒಂದು ತೂಗಿಗೆ ಸುಮಾರು ಒಂದು ಗಂಟೆ ಅಂತ ಥಾರ್ನ್ ಲೆಕ್ಕ ಹಾಕಿದ್ದಾರೆ. ಸಿನಿಮಾದಲ್ಲಿ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಬೆಳೆರೋಗದ ಅಧ್ಯಾಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಒಂದು ರೋಗ ಬಂದು ಗೋಧಿ ಹೋಗುತ್ತದೆ, ಬೆಂಡೆ ಹೋಗುತ್ತದೆ, ಕೊನೆಗೆ ಮೆಕ್ಕೆಜೋಳವೂ ಹೋಗುತ್ತದೆ. ನಮ್ಮಣ್ಣ ಅಡಿಕೆ ತೋಟ ಮಾಡುವವನು. ಮನೆಯ ಟೀವಿಯಲ್ಲಿ ನನ್ನ ಜೊತೆ ಕೂತು ಈ ಸಿನಿಮಾ ನೋಡಿದ. ಕಪ್ಪುಕುಳಿ ಬಂದಾಗ ಏನೂ ಹೇಳಲಿಲ್ಲ. ರೋಗದ ಮಾತು ಬಂದಾಗ ಮಾತ್ರ ಕೇಳಿದ: “ಎಲ್ಲ ಬೆಳೆಗೂ ಒಂದೇ ರೋಗ ಬರ್ತದಾ? ನಮ್ಮಲ್ಲಿ ಅಡಿಕೆಗೆ ಕೊಳೆ ಬಂದರೆ ಅದೇ ತೋಟದ ಬಾಳೆಗೆ ಬರೋದಿಲ್ಲಪ್ಪ.” ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸಿ ಹೊಡೆಸಿ ಸಾಕಾದವನ ಪ್ರಶ್ನೆ ಅದು. ಥಾರ್ನ್ ಕ್ಯಾಲ್‌ಟೆಕ್‌ನ ಜೀವಶಾಸ್ತ್ರಜ್ಞರನ್ನು ಊಟಕ್ಕೆ ಕೂರಿಸಿ ಕೇಳಿದ ಪ್ರಶ್ನೆಯೂ ಇದೇ. ಅವರ ಉತ್ತರವೂ ಅಣ್ಣನ ಮಾತಿನ ಹತ್ತಿರವೇ ಇತ್ತು. ಒಂದೇ ಬೆಳೆಗೆ ತಗಲುವ ರೋಗ ಆ ಬೆಳೆಯನ್ನು ಪೂರ್ತಿ ತೆಗೆಯಬಹುದು. ಹಲವು ಬೆಳೆಗೆ ತಗಲುವ ರೋಗ ಸಾಮಾನ್ಯವಾಗಿ ಅಷ್ಟು ಮಾರಕ ಆಗಿರುವುದಿಲ್ಲ. ಎರಡೂ ಗುಣ ಇರುವ ರೋಗ ಬರಲಾರದು ಅಂತಲ್ಲ, ಆದರೆ ಸಂಭವ ಕಡಿಮೆ. ಅಣ್ಣನಿಗೆ ಓದಿ ಹೇಳಿದೆ. “ಹಂಗಾರೆ ಸರಿ” ಅಂದು ತೋಟಕ್ಕೆ ಹೋದ. ‘ಕೊಳೆರೋಗ’ ಎನ್ನುವ ನಮ್ಮ ಕನ್ನಡ ಪದ ಕಾಫಿಗೆ ಬರುವ ಒಂದು ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ ಸೇರಿಕೊಂಡಿದೆ ಎನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ. ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ಆ ಶಿಲೀಂಧ್ರದ ಹಳೆಯ ಹೆಸರು.

ಸಿನಿಮಾ ಎಲ್ಲಿ ನಿಜದಿಂದ ಸರಿಯಿತು ಎನ್ನುವುದನ್ನೂ ಥಾರ್ನ್ ಹೇಳುತ್ತಾರೆ. ಗಾರ್ಗಾಂಟುವಾ ಸುತ್ತಲಿನ ಬೆಳಗುವ ಅನಿಲದ ತಟ್ಟೆ ನೆನಪಿದೆಯಲ್ಲ? ಎಡಕ್ಕೂ ಬಲಕ್ಕೂ ಒಂದೇ ಬೆಳಕು. ನಿಜದಲ್ಲಿ ಹಾಗಿರುವುದಿಲ್ಲ. ನಮ್ಮ ಕಡೆ ಧಾವಿಸಿ ಬರುವ ಅನಿಲ ಜೋರಾಗಿ, ನೀಲಿಯಾಗಿ ಹೊಳೆಯಬೇಕು. ದೂರ ಹೋಗುವ ಕಡೆ ಮಂಕಾಗಬೇಕು. ರೈಲಿನ ಸೀಟಿ ಹತ್ತಿರ ಬರುವಾಗ ಒಂದು ಥರ, ದಾಟಿ ಹೋದ ಮೇಲೆ ಇನ್ನೊಂದು ಥರ ಕೇಳುವುದಕ್ಕೂ ಇದಕ್ಕೂ ಕಾರಣ ಒಂದೇ. ಲಂಡನ್ನಿನ ಡಬಲ್ ನೆಗೆಟಿವ್ ಸ್ಟುಡಿಯೋದವರು ಥಾರ್ನ್ ಕೊಟ್ಟ ಸಮೀಕರಣಗಳಿಂದ ಅಂಥ ಚಿತ್ರವನ್ನೂ ಮಾಡಿದ್ದರು. ನೋಡುವವರಿಗೆ ಗೊಂದಲ ಆಗುತ್ತದೆ ಅಂತ ಸಿನಿಮಾದಲ್ಲಿ ಬಳಸಲಿಲ್ಲ. ಚಿತ್ರ ಬರೆಯುವಾಗ ಕಪ್ಪುಕುಳಿ ತಿರುಗುವ ವೇಗವನ್ನೂ ಇಳಿಸಿಕೊಂಡರು. ಈ ಕೆಲಸವನ್ನೇ ಅವರೆಲ್ಲ ಸೇರಿ 2015ರಲ್ಲಿ ‘ಕ್ಲಾಸಿಕಲ್ ಅಂಡ್ ಕ್ವಾಂಟಮ್ ಗ್ರ್ಯಾವಿಟಿ’ ಪತ್ರಿಕೆಯಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟಿಸಿದರು.

ನಾನು ತರಗತಿಯಲ್ಲಿ ಈ ಪುಟದ ಪಕ್ಕ ಇನ್ನೊಂದು ಚಿತ್ರ ಇಡುತ್ತೇನೆ. 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ, ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಮೊದಲ ಚಿತ್ರ. ಕಿತ್ತಳೆ ಬಣ್ಣದ ಆ ಉಂಗುರದ ಕೆಳಭಾಗ ಹೆಚ್ಚು ಹೊಳೆಯುತ್ತದೆ, ಮೇಲ್ಭಾಗ ಮಂಕು. ಪುಸ್ತಕ ಬಂದ ಐದು ವರ್ಷಕ್ಕೆ ಆಕಾಶವೇ ಅದರ ಮಾತಿಗೆ ಸಾಕ್ಷಿ ಹೇಳಿತು.

ಇನ್ನೂ ಕೆಲವು ಇವೆ. ನೀರಿನ ಗ್ರಹದಿಂದ ನೋಡಿದರೆ ಗಾರ್ಗಾಂಟುವಾ ಅರ್ಧ ಆಕಾಶ ತುಂಬಬೇಕು. ಆ ದೃಶ್ಯವನ್ನು ಕಥೆಯ ಕೊನೆಗೆ ಉಳಿಸಿಕೊಳ್ಳಲು ನೋಲನ್ ಅದನ್ನು ಚಿಕ್ಕದಾಗಿ ತೋರಿಸಿದರು. ಆ ಗ್ರಹಕ್ಕೆ ಇಳಿಯುವ ನೌಕೆ ತನ್ನ ವೇಗ ಕಳೆಯಲು ನ್ಯೂಟ್ರಾನ್ ನಕ್ಷತ್ರವನ್ನು (ಕುಸಿದು ತುಂಬಾ ಒತ್ತಾದ ನಕ್ಷತ್ರ) ಸುತ್ತುತ್ತದೆ ಅಂತ ಸಿನಿಮಾದಲ್ಲಿದೆ. ಅದು ಸಾಲದು, ಭೂಮಿ ಗಾತ್ರದ ಇನ್ನೊಂದು ಕಪ್ಪುಕುಳಿ ಬೇಕು ಅನ್ನುತ್ತದೆ ಪುಸ್ತಕ. ಒಂದೇ ಸಿನಿಮಾದಲ್ಲಿ ಎರಡು ಕಪ್ಪುಕುಳಿ ಬಂದರೆ ಜನರಿಗೆ ಗೊಂದಲ, ಅದಕ್ಕೇ ಬದಲಾಯಿಸಿದ್ದು. ಇನ್ನೊಂದು ಗ್ರಹದಲ್ಲಿ ಆಕಾಶದಲ್ಲಿ ತೇಲುವ ಮಂಜುಗಡ್ಡೆಯ ಮೋಡಗಳಿವೆ. ಅವು ತಮ್ಮ ತೂಕವನ್ನು ತಾವೇ ಹೊರಲಾರವು, ಮುರಿದು ಬೀಳಬೇಕು. ಇದಕ್ಕೆ ಥಾರ್ನ್ ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ, ತಪ್ಪು ಅಂತಲೇ ಒಪ್ಪುತ್ತಾರೆ.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಪುಸ್ತಕದ ಕೊನೆಯ ಮೂರನೇ ಒಂದು ಭಾಗ ಭಾರ. ಐದನೇ ಆಯಾಮ, ಮಗಳ ಕೋಣೆಯ ಪುಸ್ತಕದ ಕಪಾಟಿನ ಹಿಂದೆ ಅಪ್ಪ ತೇಲುವ ಆ ವಿಚಿತ್ರ ಜಾಗ, ಪ್ರೊಫೆಸರ್ ಕರಿಹಲಗೆಯ ಸಮೀಕರಣ, ಇವೆಲ್ಲ ಅಲ್ಲಿ ಬರುತ್ತವೆ. ‘ಎಸ್’ ಗುರುತು ಪುಟಪುಟಕ್ಕೂ ಸಿಗುತ್ತದೆ. ಗುರುತು ಪ್ರಾಮಾಣಿಕವಾಗಿದೆ, ಆದರೆ ವಿವರಣೆ ಮೊದಲಿನಷ್ಟು ತಿಳಿಯಾಗಿಲ್ಲ. ಮೊದಲ ಭಾಗದಲ್ಲಿ ನಮ್ಮ ಜೊತೆ ನಡೆಯುತ್ತಿದ್ದವರು ಇಲ್ಲಿ ಸ್ವಲ್ಪ ಮುಂದೆ ಓಡುತ್ತಾರೆ. ಎರಡು ಸಲ ಓದಿದ ಮೇಲೂ ಆ ಕಪಾಟಿನ ಅಧ್ಯಾಯ ನನಗೆ ಪೂರ್ತಿ ಒಗ್ಗಿಲ್ಲ. ಗಣಿತ ಬೇಕು ಅನ್ನುವವರಿಗೆ ಕೊನೆಯಲ್ಲಿ ಟಿಪ್ಪಣಿಗಳಿವೆ. ಆದರೆ ತುಂಬಾ ಚಿಕ್ಕವು. ಪಿಯು ಮಟ್ಟದವರಿಗೆ ಇನ್ನೆರಡು ಹೆಜ್ಜೆ ಬಿಡಿಸಿ ಬರೆಯಬಹುದಿತ್ತು.

ಓದುವಾಗ ಇನ್ನೊಬ್ಬರು ತುಂಬಾ ನೆನಪಾದರು. ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯ ಹಾಗೆ ಮಿಡಿದು, ಮೆಲ್ಲಗೆ ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು. 2015ರ ಸೆಪ್ಟೆಂಬರ್ 14ರಂದು ಲೈಗೋ ಹಿಡಿದ ಮೊದಲ ಅಲೆಯ ಕೊನೆಯಲ್ಲಿ ಇದ್ದದ್ದು ಆ ಮಿಡಿತವೇ. ಆ ಸುದ್ದಿ ಕೇಳುವವರೆಗೆ ಅವರು ನಮ್ಮ ಜೊತೆ ಇದ್ದರು, 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ನಾನು ಬಿಎಸ್ಸಿ ಓದುವಾಗ ನಮ್ಮನ್ನು ಅಲ್ಲಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಆ ಕತ್ತಲೆ ಗುಮ್ಮಟದ ಕೆಳಗೆ ಕೂತಾಗಲೇ ನನಗೆ ಮೇಷ್ಟ್ರಾಗಬೇಕು ಅನ್ನಿಸಿದ್ದು. ಥಾರ್ನ್ ಮಾಡಿರುವಂಥ ಪುಸ್ತಕ ಕನ್ನಡದಲ್ಲೂ ಬರಬೇಕು ಅಂತ ನನಗೆ ತುಂಬಾ ಆಸೆ. ಇಂಗ್ಲಿಷ್ ಕಷ್ಟ ಅನ್ನುವ ಕಾರಣಕ್ಕೆ ನನ್ನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇದನ್ನು ಓದಲಾರರು.

ಕೊಳ್ಳುವವರಿಗೆ ಕೆಲವು ಮಾತು. ನಾನು ತರಿಸಿದ್ದು ಪೇಪರ್‌ಬ್ಯಾಕ್, ಸುಮಾರು 1,800 ರೂಪಾಯಿ ಆಯಿತು. ಆನ್‌ಲೈನ್ ಅಂಗಡಿಯೊಂದು ಕಳಿಸಿದ ಮೊದಲ ಪ್ರತಿ ಮಳೆಗೆ ನೆಂದು ಪುಟ ಅಂಟಿಕೊಂಡಿತ್ತು. ಬದಲಿ ಪ್ರತಿ ಬರಲು ಒಂಬತ್ತು ದಿನ ಹಿಡಿಯಿತು. ಮಲೆನಾಡಿನವರು ಮಳೆಗಾಲ ಕಳೆದ ಮೇಲೆ ತರಿಸಿ. ಕಾಗದ ದಪ್ಪ, ನುಣುಪು. ಚಿತ್ರಗಳೆಲ್ಲ ಬಣ್ಣದಲ್ಲಿವೆ. ಬೆಲೆ ಹೆಚ್ಚು ಅನ್ನಿಸಿದರೂ ಕಪ್ಪು ಬಿಳುಪಿನ ಓದುವ ಯಂತ್ರದಲ್ಲಿ ಇದನ್ನು ಓದಬೇಡಿ. ಅರ್ಧ ವಿವರಣೆ ಚಿತ್ರದಲ್ಲೇ ಇದೆ. ಅನಿಲದ ತಟ್ಟೆಯ ನೀಲಿ ಕಡೆ, ಮಂಕು ಕಡೆ ಎರಡೂ ಅಲ್ಲಿ ಒಂದೇ ಬೂದಿ ಬಣ್ಣವಾಗಿ ಕಾಣುತ್ತದೆ. ಸಿನಿಮಾ ನೋಡದೆ ಪುಸ್ತಕ ಹಿಡಿಯಬೇಡಿ, ಕಥೆ ಪೂರ್ತಿ ಬಿಟ್ಟುಕೊಡುತ್ತದೆ. ಸಿನಿಮಾ ಒಮ್ಮೆ ನೋಡಿ, ಪುಸ್ತಕ ಓದಿ, ಇನ್ನೊಮ್ಮೆ ನೋಡಿ. ಎರಡನೇ ಸಲ ಆ ಅಲೆ ಬರುವಾಗ ಮೈ ಜುಮ್ ಅನ್ನುವುದು ಬೇರೆಯೇ ಥರ. ವಿಜ್ಞಾನ ಮೇಷ್ಟ್ರುಗಳಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ಪಿಯುಸಿ ವಿಜ್ಞಾನ ಓದಿದ ಯಾರಿಗಾದರೂ ಮೊದಲ ಎರಡು ಭಾಗ ಅರ್ಥವಾಗುತ್ತದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಕಳೆದ ಆ ಅರ್ಧ, ಕಪಾಟಿನ ಅಧ್ಯಾಯಕ್ಕೆ.

ಹುಡುಗರಿಬ್ಬರೂ ದಸರಾ ರಜೆಗೆ ಊರಿಗೆ ಬಂದಾಗ ಮನೆಗೆ ಕರೆದೆ. ನಾನು ಮೊದಲು ಹೇಳಿದ್ದು ತಪ್ಪು, ಬನ್ನಿ ಅಂತ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಕೋಟಿ ಕೋಟಿಯ ಲೆಕ್ಕವನ್ನು ಮೂವರೂ ಸೇರಿ ಮತ್ತೆ ಮಾಡಿದೆವು. ಸಂಜೆ ಆಯಿತು. ಒಬ್ಬ ಕೇಳಿದ, “ಮೇಡಂ, ಗ್ರಹ ಕಪ್ಪುಕುಳಿ ತಿರುಗುವ ದಿಕ್ಕಿಗೆ ಎದುರಾಗಿ ಸುತ್ತಿದರೆ?” ಆ ಲೆಕ್ಕ ಇನ್ನೂ ನನ್ನ ಮೇಜಿನ ಮೇಲಿದೆ. ಪುಸ್ತಕ ಅವನ ಹತ್ತಿರ ಇದೆ.